ಅರುವತ್ತರಿಂದ ಎಪ್ಪತ್ತರವರೆಗೆ

ನಿವೃತ್ತಿಯು ಸಮೀಪಿಸಿದ ಗೃಹಸ್ಥರು ಪಿಂಚಣಿ, ಭವಿಷ್ಯನಿಧಿಗಳ ಲೆಕ್ಕವನ್ನು ಎರಡು ವರ್ಷ ಮೊದಲೇ ಹಾಕಿಟ್ಟುಕೊಳ್ಳುವರು. ಆರೋಗ್ಯ ವಿಮೆಯ ಲೆಕ್ಕವನ್ನು ಮಾತ್ರ ಮಂಚ ಹಿಡಿದ ಮೇಲೆ ಹಾಕುವರು. ಈ ದೋಷಕ್ಕೆ ನಾವೂ ಹೊರತಲ್ಲ. ನಾವು ಪಾಠ ಹೇಳುತ್ತಿದ್ದ ಖಾಸಗಿ ಶಾಲೆಯವರು ಅಧ್ಯಾಪಕರೆಲ್ಲರಿಗೂ ಒಟ್ಟಾಗಿ ಮಾಡಿಸಿದ್ದ ವಿಮೆಯೊಂದಿದ್ದಿತು. ಬೀಳ್ಕೊಡುಗೆಯ ಹಾರಗಳೊಡನೆ ಅದೂ ಬಾಡಿಹೋಯಿತೆಂಬುದು ನಮಗೆ ತಿಳಿದುದು ಎರಡು ತಿಂಗಳ ತರುವಾಯ. ಅದು ಮುಗಿಯುವ ಮುನ್ನವೇ ಅದೇ ಕಂಪೆನಿಯಲ್ಲಿ ಸ್ವಂತ ವಿಮೆಗೆ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕಿದ್ದರೆ, ಅಷ್ಟು ವರ್ಷ ಕಾದ ಕಾಲವು ನಮ್ಮ ಲೆಕ್ಕಕ್ಕೆ ಜಮೆಯಾಗುತ್ತಿದ್ದಿತು.

('ವಿಮೆ' ಎಂಬ ಶಬ್ದವು ಸಂಸ್ಕೃತದಂತೆ ಕಿವಿಗೆ ಬಿದ್ದರೂ ಪಾರಸಿಯ 'ಬೀಮಾ' ಶಬ್ದದಿಂದ ಬಂದುದು. ಬಹುಕಾಲ ನಾವೂ ಅದಕ್ಕೆ ಧಾತುವನ್ನು ಹುಡುಕಿ ಬೇಸತ್ತಿದ್ದೆವು.)

"ಸರಕಾರದ ಐದು ಲಕ್ಷವಿದೆಯಲ್ಲ, ಚಿಂತೆಯೇಕೆ?" ಎಂದು ಹಲವರು ಕೇಳುವರು. ಆ ಮಾತನ್ನು ಬಿಡಿಸಿ ನೋಡಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಬಡ ಕುಟುಂಬಗಳಿಗಾಗಿ ಹುಟ್ಟಿದುದು. 2024ರ ಅಕ್ಟೋಬರ್ 29ರಂದು ಅದನ್ನು 70 ವರ್ಷ ತುಂಬಿದವರೆಲ್ಲರಿಗೂ, ಆದಾಯವನ್ನು ಎಣಿಸದೆ, ವಿಸ್ತರಿಸಲಾಯಿತು. ವರ್ಷಕ್ಕೆ 5 ಲಕ್ಷ ರೂಪಾಯಿಗಳೆಂಬುದು ತಲೆಗೆ ಅಲ್ಲ, ಕುಟುಂಬಕ್ಕೆ; ದಂಪತಿಗಳಿಬ್ಬರಿಗೂ ಎಪ್ಪತ್ತಾಗಿದ್ದರೆ ಅದನ್ನೇ ಹಂಚಿಕೊಳ್ಳತಕ್ಕದ್ದು. ಹಳೆಯ ರೋಗಗಳಿಗೂ ಮೊದಲ ದಿನದಿಂದಲೇ ರಕ್ಷೆಯುಂಟು. ಆದರೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿದರೆ ಮಾತ್ರ; ಪ್ರತಿ ತಿಂಗಳ ಗುಳಿಗೆಗಳು ನಮ್ಮ ಕೈಯಿಂದಲೇ. ಯೋಜನೆಯನ್ನು ನಡೆಯಿಸುವುದು ರಾಜ್ಯಗಳ ಮೂಲಕವಾದುದರಿಂದ, ನಮ್ಮೂರಿನ ಯಾವ ಆಸ್ಪತ್ರೆ ಆ ಕಾರ್ಡನ್ನು ಒಪ್ಪುವುದೆಂದು ಆರೋಗ್ಯವಾಗಿರುವಾಗಲೇ ನಡೆದು ಹೋಗಿ ವಿಚಾರಿಸುವುದು ಲೇಸು.

ಹಾಗಾದರೆ ಅರುವತ್ತಕ್ಕೆ ಕೆಲಸ ಬಿಟ್ಟವನು ಎಪ್ಪತ್ತರವರೆಗೆ ಏನು ಮಾಡಬೇಕು? ನಮ್ಮ ರಾಜ್ಯದ ಆರೋಗ್ಯ ಕರ್ನಾಟಕದಲ್ಲಿ ಬಡತನದ ರೇಖೆಗಿಂತ ಮೇಲಿನವರಿಗೂ ಪಾಲುಂಟು. ಆದರೆ ಅದು ನಿಗದಿಯಾದ ವೆಚ್ಚದ ನೂರಕ್ಕೆ 30ರಷ್ಟು, ವರ್ಷಕ್ಕೆ ಕುಟುಂಬವೊಂದಕ್ಕೆ ಒಂದೂವರೆ ಲಕ್ಷದ ಮಿತಿ. ಉಳಿದ ಎಪ್ಪತ್ತು ಪಾಲನ್ನು ತಾವೇ ತೆರಬೇಕು. ಕೇಂದ್ರ ಸರಕಾರದ ನಿವೃತ್ತ ನೌಕರರು ಭಾಗ್ಯವಂತರು. ಅವರ ಆರೋಗ್ಯ ಯೋಜನೆಯಲ್ಲಿ ಹತ್ತು ವರ್ಷಗಳ ವಂತಿಗೆಯನ್ನು ಒಮ್ಮೆಲೇ ಕಟ್ಟಿದರೆ ಜೀವಮಾನದ ಕಾರ್ಡು ದೊರೆಯುವುದು. ಎಪ್ಪತ್ತಾದ ಮೇಲೆ ಅವರು ಇದನ್ನೋ ಆಯುಷ್ಮಾನ್ ಯೋಜನೆಯನ್ನೋ ಒಂದನ್ನು ಆರಿಸಿಕೊಳ್ಳತಕ್ಕದ್ದು, ಎರಡೂ ಸಲ್ಲದು.

ಎಲ್ಲಕ್ಕಿಂತ ಹೆಚ್ಚಾಗಿ ಜನ ಮರೆತಿರುವುದು ಕಾರ್ಮಿಕರ ರಾಜ್ಯ ವಿಮೆಯನ್ನು. ನಮ್ಮ ನೆರೆಯವರೊಬ್ಬರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸಂಬಳದಲ್ಲಿ ವಿಮೆಯ ಹಣ ಕಡೆಯವರೆಗೂ ಮುರಿದುಕೊಂಡಿದ್ದರು. ಅವರ ಪತ್ನಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮಗಳ ಮದುವೆಗೆಂದು ಇರಿಸಿದ್ದ ಠೇವಣಿ ಕರಗಿತು. ಕನಿಷ್ಠ ಐದು ವರ್ಷ ವಿಮಾದಾರರಾಗಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಪತಿಪತ್ನಿಯರಿಬ್ಬರಿಗೂ ಚಿಕಿತ್ಸೆ ಮುಂದುವರಿಯುವುದೆಂಬ ಸಂಗತಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾವು ಹೇಳಿದಾಗ ಅವರು ಬಹಳ ಹೊತ್ತು ಮಾತನಾಡದೆ ಕುಳಿತಿದ್ದರು. ಅವರ ಕಾರ್ಖಾನೆಯ ಹಳೆಯ ಗೆಳೆಯರಿಗೆ ಈಗ ಅವರೇ ಪತ್ರ ಬರೆಯುತ್ತಿದ್ದಾರೆ.

ನಮಗೆ ಇವಾವುವೂ ಒದಗದೆ ಹಣ ಕೊಟ್ಟು ವಿಮೆ ಕೊಳ್ಳಬೇಕಾಯಿತು. 65 ದಾಟಿದವರಿಗೆ ಹೊಸ ವಿಮೆ ಇಲ್ಲವೆಂಬ ಕಟ್ಟು 2024ರಲ್ಲಿ ಸಡಿಲಾಯಿತು. ಹಳೆಯ ರೋಗಕ್ಕಾಗಿ ಕಾಯಿಸುವ ಅವಧಿಯೂ 3 ವರ್ಷಗಳನ್ನು ಮೀರಕೂಡದು. ನಮಗೆ ಮಧುಮೇಹವುಂಟು. ಬಂದ ಏಜೆಂಟನು, "ಅದನ್ನು ಬರೆಯಬೇಡಿ ಸ್ವಾಮಿ, ಕಂತು ಏರುತ್ತದೆ," ಎಂದನು. ಐದು ವರ್ಷ ತುಂಬುವ ಮುನ್ನ ಮರೆಮಾಚಿದ ರೋಗ ಬಯಲಾದರೆ ಕಂಪೆನಿಯು ಹಣ ಕೊಡದಿರಬಹುದು. ಕಟ್ಟಿದ ಕಂತೆಲ್ಲ ಹೊಳೆಯ ಪಾಲು. ಅವನ ಎದುರಿಗೇ ನಾವು ಅದನ್ನು ದಪ್ಪಕ್ಷರಗಳಲ್ಲಿ ಬರೆದೆವು. ಕಂತು ಏರಿತು.

ಇನ್ನು ಮೂರು ವರ್ಷ ಸಕ್ಕರೆಯ ಕಾಯಿಲೆಗೆ ಸಂಬಂಧಿಸಿದ ಖರ್ಚು ನಮ್ಮದೇ. ಅದಕ್ಕೆಂದು ಬೇರೊಂದು ಠೇವಣಿಯನ್ನು ಇರಿಸಿದ್ದೇವೆ. ನಮ್ಮ ಮನೆಯವರು ಅದನ್ನು ನಂಬದೆ, ಕಾಫಿಗೆ ಸಕ್ಕರೆ ಹಾಕುವುದನ್ನೇ ನಿಲ್ಲಿಸಿಬಿಟ್ಟಿದ್ದಾರೆ.