'10 ಎಕ್ಸ್' ಭೂತಗನ್ನಡಿ: ಚಿತ್ರ ಎಷ್ಟು ಪಟ್ಟು ದೊಡ್ಡದು?

ರಾಗಿ ಕಾಳಿನ ಸಮೀಪಚಿತ್ರ ತೆಗೆಯಲು ದುಬಾರಿ ಮ್ಯಾಕ್ರೋ ಮಸೂರವೇ ಬೇಕೆಂದಿಲ್ಲ. ಗಡಿಯಾರ ರಿಪೇರಿ ಮಾಡುವವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಮತ್ತು ಮೊಬೈಲ್ ಫೋನ್ ಇದ್ದರೆ ಸಾಕು. ಭೂತಗನ್ನಡಿಯ ಮೇಲೆ '10 ಎಕ್ಸ್' ಎಂದಿದ್ದರೆ ಚಿತ್ರ ಹತ್ತು ಪಟ್ಟು ದೊಡ್ಡದಾಗಿರುತ್ತದೆಯೆ?

ಇಲ್ಲ. ಈ ಹತ್ತು ನಮ್ಮ ಕಣ್ಣಿಗೆ ಸಂಬಂಧಿಸಿದ್ದು. ಕಣ್ಣಿಗೆ ಆಯಾಸವಾಗದಂತೆ ಸ್ಪಷ್ಟವಾಗಿ ನೋಡಬಹುದಾದ ಕನಿಷ್ಠ ದೂರವನ್ನು 250 ಮಿಮೀ ಎಂದು ಪರಿಗಣಿಸುತ್ತಾರೆ. ಮಸೂರದ ಸಂಗಮದೂರ 25 ಮಿಮೀ ಆದರೆ 250 ÷ 25 = 10.

ಈಗ ಕ್ಯಾಮೆರಾದ ವಿಷಯ ನೋಡೋಣ. ಫೋನಿನ ಮಸೂರದ ಸಂಗಮದೂರ 4 ಮಿಮೀ ಎಂದಿಟ್ಟುಕೊಳ್ಳಿ. ವಸ್ತು 100 ಮಿಮೀ ದೂರದಲ್ಲಿದ್ದರೆ ಸಂವೇದಕದ ಮೇಲಿನ ಬಿಂಬ ವಸ್ತುವಿನ ಸುಮಾರು 1/25 ಭಾಗದಷ್ಟಿರುತ್ತದೆ. ಭೂತಗನ್ನಡಿಯನ್ನು ಮುಂದಿಟ್ಟು, ವಸ್ತುವನ್ನು ಅದರ ಸಂಗಮಬಿಂದುವಿನಲ್ಲಿರಿಸಿದಾಗ ಕಿರಣಗಳು ಸಮಾಂತರವಾಗಿ ಹೊರಬರುತ್ತವೆ. ಅವನ್ನು ಫೋನಿನ ಮಸೂರ ಸಂವೇದಕದ ಮೇಲೆ ಕೇಂದ್ರೀಕರಿಸುತ್ತದೆ. ಆಗ ಬಿಂಬದ ಪ್ರಮಾಣ 4/25, ಅಂದರೆ ಸುಮಾರು 1/6. ಮೊದಲಿಗಿಂತ ನಾಲ್ಕು ಪಟ್ಟು ದೊಡ್ಡದು, ನಿಜ. ಆದರೂ ವಸ್ತುವಿಗಿಂತ ಚಿಕ್ಕದೇ! ಪರದೆಯ ಮೇಲೆ ಅದು ಎಷ್ಟು ಹಿಗ್ಗುತ್ತದೆ ಎಂಬುದು ಪರದೆಯನ್ನು ಅವಲಂಬಿಸಿದೆ. ಆದ್ದರಿಂದ ಅಳತೆಪಟ್ಟಿಯಿಲ್ಲದ ಚಿತ್ರದ ಕೆಳಗೆ 'ಇಷ್ಟು ಪಟ್ಟು' ಎಂದು ಬರೆಯುವುದಕ್ಕೆ ಅರ್ಥವಿಲ್ಲ.

ಪ್ರಯೋಗ ಮಾಡಿ ನೋಡಿ. ಭೂತಗನ್ನಡಿಯನ್ನು ಫೋನಿನ ಮುಖ್ಯ ಕ್ಯಾಮೆರಾಕ್ಕೆ ತಾಗುವಂತೆ ಅಂಟುಪಟ್ಟಿಯಿಂದ ಬಿಗಿಯಿರಿ. ಫೋನಿನಲ್ಲಿ ಹಲವು ಕ್ಯಾಮೆರಾಗಳಿದ್ದರೆ, ಒಂದೊಂದನ್ನೇ ಬೆರಳಿನಿಂದ ಮುಚ್ಚಿ ಯಾವುದು ಕೆಲಸ ಮಾಡುತ್ತಿದೆಯೆಂದು ತಿಳಿಯಿರಿ. ಫೋನನ್ನು ಎರಡು ಪುಸ್ತಕ ರಾಶಿಗಳ ಮೇಲೆ ಅಡ್ಡಲಾಗಿ ಇಡಿ. ಕೆಳಗೆ, ತೆಳುವಾದ ಉಕ್ಕಿನ ಸ್ಕೇಲಿನ ಪಕ್ಕದಲ್ಲಿ, ರಾಗಿ ಕಾಳುಗಳಿರಲಿ. ಸ್ಪಷ್ಟತೆಗಾಗಿ ಝೂಮ್ ಬಳಸಬೇಡಿ. ಪುಸ್ತಕಗಳನ್ನು ಸೇರಿಸಿ ಅಥವಾ ತೆಗೆದು ಎತ್ತರ ಹೊಂದಿಸಿ. ಬೆಳಕು ಪಕ್ಕದಿಂದ ಬೀಳಲಿ.

ಉದಾಹರಣೆಗೆ, ಚಿತ್ರದಲ್ಲಿ ಸ್ಕೇಲಿನ 10 ಮಿಮೀ ಭಾಗ 1250 ಪಿಕ್ಸೆಲ್‌ಗಳನ್ನು ಆವರಿಸಿದರೆ ಒಂದು ಪಿಕ್ಸೆಲ್‌ಗೆ 0.008 ಮಿಮೀ. ಆಗ 190 ಪಿಕ್ಸೆಲ್ ಅಗಲದ ಕಾಳಿನ ವ್ಯಾಸ 1.52 ಮಿಮೀ. ಆದರೆ 0.008 ಮಿಮೀ ನಿಮ್ಮ ಅಳತೆಯ ನಿಖರತೆಯಲ್ಲ. ಕಾಳಿನ ಅಂಚು 5 ಪಿಕ್ಸೆಲ್‌ಗಳಷ್ಟು ಮಸುಕಾಗಿದ್ದರೆ 0.04 ಮಿಮೀ ಅನಿಶ್ಚಿತತೆ ಇದ್ದೇ ಇರುತ್ತದೆ.

ಇನ್ನೊಂದು ದೋಷವನ್ನು ಗಮನಿಸಿ. ಸ್ಕೇಲಿನ ಗೆರೆಗಳು ಕಾಳಿನ ನಡುಮಟ್ಟಕ್ಕಿಂತ 0.75 ಮಿಮೀ ಕೆಳಗಿದ್ದರೆ, 25 ಮಿಮೀ ದೂರದಲ್ಲಿ ಅದು ಸುಮಾರು 3% ವ್ಯತ್ಯಾಸ ತರುತ್ತದೆ. ಎರಡೂ ಒಂದೇ ಮಟ್ಟದಲ್ಲಿರಲಿ. ಅಂಚಿನಲ್ಲಿ ಚಿತ್ರ ವಿರೂಪಗೊಳ್ಳುವುದರಿಂದ ನಡುಭಾಗದಲ್ಲೇ ಅಳೆಯಿರಿ.

ಫಲಿತಾಂಶವನ್ನು ಪರೀಕ್ಷಿಸುವುದು ಹೇಗೆ? ಚಿತ್ರದಲ್ಲಿ ಅಳೆದ 20 ಕಾಳುಗಳನ್ನೇ ಸ್ಕೇಲಿನ ಉದ್ದಕ್ಕೂ ಒತ್ತಾಗಿ ಸಾಲಾಗಿ ಜೋಡಿಸಿ, ಸಾಲಿನ ಉದ್ದವನ್ನು 20ರಿಂದ ಭಾಗಿಸಿ. ಈ ಸರಾಸರಿ, ಚಿತ್ರದಿಂದ ಪಡೆದ ಸರಾಸರಿಗೆ ಹತ್ತಿರವಿರಬೇಕು. ಸಾಲು ಸರಾಸರಿಯನ್ನಷ್ಟೇ ಹೇಳುತ್ತದೆ. ಚಿತ್ರ ಒಂದೊಂದು ಕಾಳಿನ ಗಾತ್ರವನ್ನೂ ತಿಳಿಸುತ್ತದೆ. ಎರಡೂ ತಾಳೆಯಾಗದಿದ್ದರೆ ಫೋನನ್ನು ದೂರಬೇಡಿ. ತಪ್ಪು ಎಲ್ಲಿದೆಯೆಂದು ವಿದ್ಯಾರ್ಥಿಗಳೇ ಹುಡುಕಲಿ. ನಿಜವಾದ ಪ್ರಯೋಗ ಆರಂಭವಾಗುವುದೇ ಅಲ್ಲಿ.