ಕೌಂಟರಿನ ಆಚೆ-ಈಚೆ



ಕಳೆದ ತಿಂಗಳು ನಮ್ಮ ಕಟ್ಟಡದ ಹುಡುಗಿಯೊಬ್ಬಳು ರಾತ್ರಿ ಹತ್ತೂವರೆಗೆ ಲಿಫ್ಟಿನ ಬಳಿ ಸಿಕ್ಕಳು. ಮುಖ ಬಾಡಿತ್ತು. ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ ಅವಳದು. "ಅಂಕಲ್, ನಾಳೆ ರಾಜೀನಾಮೆ ಕೊಟ್ಟುಬಿಡ್ತೇನೆ. ಒಬ್ಬ ಮನುಷ್ಯ ಇಪ್ಪತ್ತು ನಿಮಿಷ ಅಪ್ಪ-ಅಮ್ಮನನ್ನೂ ಸೇರಿಸಿ ಬೈದ. ಅವನ ದುಡ್ಡು ಯಾಕೆ ಬಂದಿಲ್ಲ ಅಂತ ನನಗೇ ಗೊತ್ತಿಲ್ಲ. ಆದರೂ 'ಸಾರಿ ಸರ್, ಸಾರಿ ಸರ್' ಅಂತಲೇ ಇದ್ದೆ" ಎಂದಳು.

ನಿಮ್ಮಲ್ಲಿ ಅನೇಕರು ಇಂದು ಇಂಥ ಕೆಲಸಗಳಲ್ಲಿದ್ದೀರಿ. ಕಾಲ್ ಸೆಂಟರ್, ಮಾಲ್, ಆಸ್ಪತ್ರೆಯ ವಿಚಾರಣಾ ಮೇಜು, ಬ್ಯಾಂಕು, ಹೋಟೇಲು, ಎಲ್ಲಿದ್ದರೂ ಎದುರಿಗೆ ಒಬ್ಬ ಗಿರಾಕಿ ಇದ್ದೇ ಇರುತ್ತಾನೆ. ಅವನ ಕೋಪಕ್ಕೆ ಮೊದಲು ಸಿಗುವವರು ನೀವೇ. ಇದು ನಮ್ಮವರಿಗೆ ಹೊಸದಲ್ಲ. ಊರು ಬಿಟ್ಟು ಮುಂಬಯಿಗೆ ಬಂದ ನಿಮ್ಮ ಅಪ್ಪ, ಅಜ್ಜಂದಿರಲ್ಲಿ ಬಹುಪಾಲು ಜನ ಅನ್ನ ಸಂಪಾದಿಸಿದ್ದೇ ನಾಲ್ಕು ಜನರ ಎದುರು ನಿಂತು. ಮಾಟುಂಗಾದಲ್ಲಿ 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಊಟದ ಮನೆಯಿಂದ ಹಿಡಿದು ಉಪನಗರಗಳ ಚಿಕ್ಕ ಚಹಾದಂಗಡಿಯವರೆಗೂ ಅದೇ ಕಥೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಯೋಜನೆ ತಂದಾಗ, ಅದರ ಏಜೆಂಟರು ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಉಳಿತಾಯಕ್ಕಾಗಿ ಮನೆ ಮನೆಯ ಬಾಗಿಲು ತಟ್ಟಿದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬಾಗಿಲು ತಟ್ಟುವವರ ಪಾಡು ಮಾತ್ರ ವಿಲೀನವಾಗಲಿಲ್ಲ.

ಹೋಟೇಲಿನ ಪಾಠ

ನಾನು 1978ರಲ್ಲಿ ವಿಕ್ರೋಳಿಗೆ ಬಂದೆ. ಹಗಲು ಉಡುಪಿ ಹೋಟೇಲಿನಲ್ಲಿ ಕೆಲಸ, ರಾತ್ರಿ ಶಾಲೆ. ಟೇಬಲ್ ಒರೆಸುವುದರಿಂದ ಆರಂಭಿಸಿ ಗಲ್ಲಾಪೆಟ್ಟಿಗೆಯವರೆಗೂ ಬಡ್ತಿ ಪಡೆದೆ. ಕಾರ್ಖಾನೆಯ ಪಾಳಿ ಬಿಟ್ಟಾಗ ಹೋಟೇಲು ಒಮ್ಮೆಲೇ ತುಂಬುತ್ತಿತ್ತು. ಎಲ್ಲರಿಗೂ ಅವಸರ. ಚಹಾ ತಣ್ಣಗಾಗಿದೆ, ಸಾಂಬಾರು ಕಮ್ಮಿ, ಚಿಲ್ಲರೆ ಇಲ್ಲ, ಹೀಗೆ ಕಾರಣ ಯಾವುದಾದರೂ ಬೈಗುಳ ಹುಡುಗರಿಗೆ.

ಒಂದು ಸಂಜೆ ಒಬ್ಬ ಗಿರಾಕಿ, ನೀರು ತರಲು ತಡವಾಯಿತೆಂದು, ಹದಿನಾಲ್ಕು ವರ್ಷದ ಕ್ಲೀನರ್ ಹುಡುಗನ ಮುಖಕ್ಕೆ ಲೋಟದ ನೀರನ್ನು ಎರಚಿದ. ನಮ್ಮ ದಣಿ ಸಿಟ್ಟಿನ ಮನುಷ್ಯ, ನಮಗೆ ದಿನಕ್ಕೆ ಹತ್ತು ಸಲ ಬೈಯುತ್ತಿದ್ದವರು. ಅವರು ಗಲ್ಲಾ ಬಿಟ್ಟು ಎದ್ದು ಬಂದರು. ಆ ಮನುಷ್ಯನ ದುಡ್ಡನ್ನು ಮೇಜಿನ ಮೇಲಿಟ್ಟು, "ನಿಮ್ಮ ತಿಂಡಿಯ ಹಣ ಬೇಡ, ನಾಳೆಯಿಂದ ನೀವೂ ಬೇಡ" ಎಂದು ಮೆಲುದನಿಯಲ್ಲಿ ಹೇಳಿದರು. ಹುಡುಗನಿಗೆ ಒಣ ಬಟ್ಟೆ ಕೊಡಿಸಿದರು. ಬೈಗುಳವನ್ನು ನೂರು ಬಾರಿ ನುಂಗಿಕೊಂಡಿದ್ದ ನಮಗೆಲ್ಲ ಆ ರಾತ್ರಿ ಅನ್ನ ರುಚಿಸಿತು. ಹಿಂದೆ ಒಬ್ಬರು ನಿಂತಿದ್ದಾರೆಂಬ ಧೈರ್ಯವಿದ್ದರೆ ಮನುಷ್ಯ ಎಷ್ಟನ್ನೂ ಸಹಿಸಬಲ್ಲ ಎಂದು ನಾನು ಕಲಿತದ್ದು ಅಲ್ಲಿ.

ನಾನು ಮಾಡಿದ ತಪ್ಪು

1982ರಲ್ಲಿ ಬ್ಯಾಂಕಿನ ನೌಕರಿ ಸಿಕ್ಕಿತು. ಮೂವತ್ತೆಂಟು ವರ್ಷ ಗಾಜಿನ ಹಿಂದೆ ಕೂತೆ. ನನ್ನ ತಾಳ್ಮೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಅದು ಮುರಿದದ್ದು ನೋಟು ರದ್ದತಿಯ ದಿನಗಳಲ್ಲಿ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ದೇಶದಲ್ಲಿ ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇಕಡಾ 86ರಷ್ಟು ಒಂದೇ ರಾತ್ರಿಯಲ್ಲಿ ಬರಿಯ ಕಾಗದವಾಯಿತು. ಮರುದಿನ ಬ್ಯಾಂಕು ಮುಚ್ಚಿತ್ತು. 10ರಂದು ಬಾಗಿಲು ತೆಗೆದಾಗ ಸಾಲು ರಸ್ತೆಯ ತಿರುವು ದಾಟಿತ್ತು. ಶನಿವಾರ, ಭಾನುವಾರವೂ ಕೆಲಸ. ನಿಯಮಗಳು ದಿನದಿನಕ್ಕೆ ಬದಲಾಗುತ್ತಿದ್ದವು. ನೋಟು ಬದಲಾವಣೆಯ ಮಿತಿ ಮೊದಲು 4000 ರೂಪಾಯಿ, ಆಮೇಲೆ 4500, ನವೆಂಬರ್ 18ರಿಂದ 2000. ಬೆರಳಿಗೆ ಮಸಿ ಬೇರೆ. ನಿಯಮ ಮಾಡಿದವರು ನಾವಲ್ಲ. ಆದರೆ ಜನಕ್ಕೆ ಕಾಣುವ ಸರ್ಕಾರವೆಂದರೆ ಕೌಂಟರಿನ ಗುಮಾಸ್ತನೇ ತಾನೆ? "ನಿಮ್ಮವರಿಗೆ ಹಿಂಬಾಗಿಲಿನಿಂದ ಕೊಡ್ತೀರಿ" ಎಂಬ ಮಾತನ್ನು ದಿನಕ್ಕೆ ಐವತ್ತು ಸಲ ಕೇಳಿದೆ.

18ರ ಶುಕ್ರವಾರ ಮಧ್ಯಾಹ್ನ, ಊಟವಿಲ್ಲದೆ ಕೂತಿದ್ದೆ. ಒಬ್ಬ ಮುದುಕಿ ಒಂಬತ್ತು ಐನೂರರ ನೋಟುಗಳನ್ನೂ ಆಧಾರ್‌ನ ಜೆರಾಕ್ಸನ್ನೂ ಗಾಜಿನಡಿ ತಳ್ಳಿದಳು. ಮನೆಗೆಲಸ ಮಾಡುವವಳು, ಖಾತೆ ಇರಲಿಲ್ಲ. "ಎರಡು ಸಾವಿರ ಮಾತ್ರ" ಎಂದೆ. "ಕಾಲ್ ಸಾಡೇಚಾರ್ ಹಜಾರ್ ದೇತ್ ಹೋತೇ ನಾ, ಭಾವೂ?" ನಿನ್ನೆ ನಾಲ್ಕೂವರೆ ಸಾವಿರ ಕೊಡುತ್ತಿದ್ದರಲ್ಲ ಅಣ್ಣಾ ಎಂದು ಕೇಳಿದಳು. ಅದರಲ್ಲಿ ಜಗಳವಿರಲಿಲ್ಲ, ಭಯವಿತ್ತು. ಆದರೆ ಬೆಳಗಿನಿಂದ ನನ್ನೊಳಗೆ ತುಂಬಿದ್ದೆಲ್ಲ ಅವಳ ಮೇಲೆ ಸುರಿಯಿತು. "ಹಾಗಾದರೆ ನಿನ್ನೆಯೇ ಬರಬೇಕಿತ್ತು! ಮುಂದಿನವರು ಬನ್ನಿ!" ಎಂದು ಕೂಗಿದೆ. ಅವಳು ಉಳಿದ ಐದು ನೋಟುಗಳನ್ನು ಸೆರಗಿಗೆ ಕಟ್ಟಿಕೊಂಡು ಮಾತಿಲ್ಲದೆ ಹೋದಳು.

ರಾತ್ರಿ ಲೋಕಲ್ ಗಾಡಿಯಲ್ಲಿ ನೇತಾಡುತ್ತಿದ್ದಾಗ ತಲೆಗೆ ಹೊಳೆಯಿತು. ಕೂಗಿದ್ದಕ್ಕಿಂತ ದೊಡ್ಡ ತಪ್ಪೊಂದು ಆಗಿತ್ತು. ಡಿಸೆಂಬರ್ 30ರವರೆಗೆ ಹಳೆಯ ನೋಟುಗಳನ್ನು ಖಾತೆಗೆ ಕಟ್ಟಬಹುದಿತ್ತು. "ಅಜ್ಜೀ, ಹೆದರಬೇಡ, ಒಂದು ಖಾತೆ ತೆಗೆ, ನಿನ್ನ ಹಣ ಎಲ್ಲಿಗೂ ಹೋಗುವುದಿಲ್ಲ" ಎನ್ನಲು ಅರ್ಧ ನಿಮಿಷ ಸಾಕಿತ್ತು. ಸಿಟ್ಟಿನಲ್ಲಿ ಅದನ್ನೇ ಮರೆತಿದ್ದೆ. ಮರುದಿನದಿಂದ ಸಾಲಿನಲ್ಲಿ ಅವಳ ಮುಖ ಹುಡುಕಿದೆ. ಮತ್ತೆ ಕಾಣಲಿಲ್ಲ. ಆ 2500 ರೂಪಾಯಿ ಏನಾಯಿತೋ ತಿಳಿಯದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ. ಆಡದೆ ಉಳಿದ ಮಾತಿನಿಂದಲೂ ನಷ್ಟವಾಗುತ್ತದೆ ಎಂದು ನಾನು ಅಂದು ಅರಿತೆ.

ನಗುವೂ ದುಡಿಮೆಯೇ

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶಿಲ್ಡ್ 1983ರಲ್ಲಿ 'ದಿ ಮ್ಯಾನೇಜ್ಡ್ ಹಾರ್ಟ್' ಎಂಬ ಪುಸ್ತಕ ಬರೆದರು. ವಿಮಾನದ ಪರಿಚಾರಿಕೆಯರನ್ನು ಅಭ್ಯಸಿಸಿ, ಒಳಗೆ ಕುದಿಯುತ್ತಿದ್ದರೂ ಹೊರಗೆ ನಗುವುದು ಕೂಡ ಮೈಮುರಿಯುವ ಕೆಲಸದಂತೆಯೇ ಒಂದು ದುಡಿಮೆ ಎಂದು ತೋರಿಸಿದರು. ಮೂಟೆ ಹೊತ್ತವನಿಗೆ ಬೆನ್ನು ನೋಯುತ್ತದೆಂದರೆ ಎಲ್ಲರೂ ನಂಬುತ್ತಾರೆ. ದಿನವಿಡೀ ಬೈಗುಳ ಕೇಳಿದವಳಿಗೆ ಮನಸ್ಸು ನೋಯುತ್ತದೆಂದರೆ "ಅಷ್ಟಕ್ಕೆಲ್ಲ ಯಾಕೆ?" ಎನ್ನುತ್ತಾರೆ. ಆ ನೋವು ನಿಮ್ಮ ದೌರ್ಬಲ್ಯವಲ್ಲ, ಕೆಲಸದ ಭಾರ.

ಗಿರಾಕಿಯನ್ನು ದೇವರಂತೆ ಕಾಣಬೇಕೆಂಬರ್ಥದ ಫಲಕವೊಂದು ಗಾಂಧೀಜಿಯವರ ಹೆಸರಿನಲ್ಲಿ ನಮ್ಮ ಅಂಗಡಿ, ಕಚೇರಿಗಳಲ್ಲಿ ತೂಗುವುದನ್ನು ನೋಡಿರುತ್ತೀರಿ. ಅದು ಅವರ ಮಾತೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಹಾಗೆಂದು ಗಿರಾಕಿ ವೈರಿಯೂ ಅಲ್ಲ. ಅವನೂ ನಮ್ಮಂತೆಯೇ ಗಾಡಿ ತಪ್ಪಿಸಿಕೊಂಡು, ರಜೆ ಹಾಕಿ ಬಂದ ಮನುಷ್ಯ.

ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ. ಮೊದಲನೆಯದು, ಭಯದಿಂದ ಕೂಗುವವನನ್ನೂ ಬೈದು ಸುಖಪಡುವವನನ್ನೂ ಬೇರೆ ಬೇರೆಯಾಗಿ ಗುರುತಿಸಿ. ನೂರರಲ್ಲಿ ಹೆಚ್ಚಿನವರು ಮೊದಲನೆಯ ಜಾತಿ. ಎರಡನೆಯದು, ಅವರ ಭಾಷೆಯಲ್ಲಿ ಮಾತಾಡಿ. ಮನೆಯಲ್ಲಿ ಕನ್ನಡ, ತುಳು, ಬೀದಿಯಲ್ಲಿ ಮರಾಠಿ, ಹಿಂದಿ ಕಲಿತ ನಿಮಗೆ ಈ ಭಾಗ್ಯ ಹುಟ್ಟಿನಿಂದಲೇ ಬಂದಿದೆ. ಕಾಮಗಾರನ ಜೊತೆ ಎರಡು ಮಾತು ಮರಾಠಿಯಲ್ಲಿ ಆಡಿದರೆ ಅರ್ಧ ಕೋಪ ಇಳಿಯುತ್ತದೆ. ಮೂರನೆಯದು, "ಆಗುವುದಿಲ್ಲ" ಎಂದಮೇಲೆ "ಹೀಗೆ ಮಾಡಿದರೆ ಆಗಬಹುದು" ಎಂಬುದನ್ನು ಸೇರಿಸಲು ಮರೆಯಬೇಡಿ. ನಾನು ಮರೆತದ್ದು ಅದನ್ನೇ. ನಾಲ್ಕನೆಯದು, ಅವಮಾನವನ್ನು ಒಬ್ಬರೇ ನುಂಗಬೇಡಿ. ಮೇಲಿನವರಿಗೆ ತಿಳಿಸಿ, ಬರೆದಿಡಿ. ನೀವೇ ಮೇಲಿನವರಾದ ದಿನ, ನಮ್ಮ ದಣಿಯ ಹಾಗೆ ಎದ್ದು ಬನ್ನಿ.

ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಯಾಗಿ ಕೈಮಾಡುವವರಿಗೆ ನಮ್ಮಲ್ಲಿ ಶಿಕ್ಷೆ ಇದೆ. ಹಿಂದೆ ಅದು ದಂಡಸಂಹಿತೆಯ 353ನೇ ಕಲಂನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂನಲ್ಲಿದೆ. ಆದರೆ ಖಾಸಗಿ ಕಂಪೆನಿಯಲ್ಲಿ ಫೋನಿನ ಬೈಗುಳ ಕೇಳುವ ಹುಡುಗಿಗೆ ಅದರಿಂದ ಆಸರೆಯಿಲ್ಲ. ಗಿರಾಕಿಗೆ ತಲೆಬಾಗುವುದಕ್ಕೆ ಹೆಸರಾದ ಜಪಾನಿನಲ್ಲೇ, ಟೋಕಿಯೋ ಆಡಳಿತ ಗಿರಾಕಿಗಳ ಕಿರುಕುಳದ ವಿರುದ್ಧ ಕಾನೂನು ಮಾಡಿ 2025ರ ಏಪ್ರಿಲ್ 1ರಿಂದ ಜಾರಿಗೆ ತಂದಿದೆ. ಅದರಲ್ಲಿ ದಂಡವಿಲ್ಲ. ಆದರೂ "ಇದು ತಪ್ಪು" ಎಂದು ಒಂದು ನಗರ ಹೇಳಿತಲ್ಲ, ಅದೇ ದೊಡ್ಡದು.

ಆ ರಾತ್ರಿ ಲಿಫ್ಟಿನ ಬಳಿ ನಾನು ಹುಡುಗಿಗೆ ಉಪದೇಶ ಮಾಡಲಿಲ್ಲ. ಮನೆಗೆ ಕರೆದು ಚಹಾ ಕೊಟ್ಟು ಮುದುಕಿಯ ಕಥೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕಲ್, ನಾನೂ ಕಳೆದ ವಾರ ಡೆಲಿವರಿ ಹುಡುಗನಿಗೆ ಮಳೆಯಲ್ಲಿ ತಡವಾಯ್ತು ಅಂತ ಕೂಗಿದ್ದೆ" ಎಂದಳು. ರಾಜೀನಾಮೆಯ ಬಗ್ಗೆ ಇನ್ನೂ ಯೋಚಿಸುತ್ತಿದ್ದಾಳೆ. ಕೊಟ್ಟರೂ ತಪ್ಪಿಲ್ಲ, ಉಳಿದರೂ ತಪ್ಪಿಲ್ಲ. ಆದರೆ ಮೊನ್ನೆ ಪಾರ್ಸೆಲ್ ತಂದ ಹುಡುಗನಿಗೆ ಅವಳು ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದನ್ನು ನೋಡಿದೆ.

ದಿನದಲ್ಲಿ ಎಂಟು ಗಂಟೆ ನಾವು ಕೌಂಟರಿನ ಈಚೆ ಇರುತ್ತೇವೆ, ಉಳಿದ ಹೊತ್ತೆಲ್ಲ ಆಚೆ. ಅಷ್ಟನ್ನು ನೆನಪಿಟ್ಟುಕೊಂಡರೆ ಸಾಕು.