ಸಂಭಾರ ಮತ್ತು ಹಪುಷಾ: ಜಿನ್ನೆಂಬ ಮದ್ಯದ ಪರಿಭಾಷಾವಿಚಾರ

ಹಾಲೆಂಡಿನಿಂದ ಇಂಗ್ಲೆಂಡಿಗೆ ಹೋಗಿ ಅಲ್ಲಿ ಪ್ರಸಿದ್ಧಿಯನ್ನು ಪಡೆದ ಜಿನ್ನೆಂಬ ಮದ್ಯವನ್ನು ಸ್ವದೇಶದ ಓಷಧಿಗಳಿಂದ ಸಂಸ್ಕರಿಸುವ ಪದ್ಧತಿಯು ಈಚಿನ ವರ್ಷಗಳಲ್ಲಿ ನಮ್ಮಲ್ಲಿಯೂ ಬೆಳೆದಿರುವುದು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯವರ ‘ನೀಲಗಿರೀಸ್’ ಜಿನ್ನಿನಲ್ಲಿ ನೀಲಗಿರಿಯ ಚಹಾ ಸೇರಿರುವುದು. ಗೋವೆಯ ಜಿನ್ನೊಂದು ‘ಹಪುಸಾ’ ಎಂಬ ಹೆಸರನ್ನೇ ಧರಿಸಿರುವುದು. ಅದರಲ್ಲಿ ಹಿಮಾಲಯದ ಜೂನಿಪರ್ ಕಾಯಿಯೊಡನೆ ಅರಿಸಿನವೂ ಮಾವೂ ಕೂಡಿವೆ. ಪಾನದ ಗುಣದೋಷವಿಚಾರವು ಇಲ್ಲಿ ಪ್ರಕೃತವಲ್ಲ. ಇವನ್ನು ಕನ್ನಡದಲ್ಲಿ ವಿವರಿಸುವವರು ‘ಆಸವ’, ‘ಹಪುಷಾ’ ಮೊದಲಾದ ಪ್ರಾಚೀನ ಶಬ್ದಗಳನ್ನು ಬಳಸಬಹುದೇ ಎಂಬುದೇ ವಿಚಾರಾರ್ಹವಾದ ಅಂಶ.

ಜಿನ್ನಿನ ಕ್ರಮವು ಹೀಗಿದೆ. ಧಾನ್ಯದಿಂದಲೋ ಕಬ್ಬಿನ ಕಾಕಂಬಿಯಿಂದಲೋ ಇಳಿಸಿದ, ಸ್ವಂತ ರುಚಿಯಿಲ್ಲದ ಮದ್ಯಸಾರದಲ್ಲಿ ಜೂನಿಪರ್, ಕೊತ್ತಂಬರಿಬೀಜ ಮೊದಲಾದವನ್ನು ನೆನೆಹಾಕಿ ಮರಳಿ ಭಟ್ಟಿಯಿಳಿಸುವರು. ಅಥವಾ ಸಾರದ ಆವಿಯನ್ನು ಆ ದ್ರವ್ಯಗಳ ನಡುವೆ ಹಾಯಿಸುವರು. ಜೂನಿಪರಿನ ಗಂಧವು ಪ್ರಧಾನವಾಗಿರತಕ್ಕದ್ದು. ಜಿನ್ ಎಂಬ ಹೆಸರಿಗೂ ಆ ಗಿಡದ ಹೆಸರೇ ಮೂಲ.

ಇದಕ್ಕೆ ಸಮೀಪವಾದ ಪ್ರಾಚೀನ ಸಾಮಗ್ರಿಯು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುವುದು. ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು 1909ರಲ್ಲಿ ಪ್ರಕಟಿಸಿದುದು ವಾಚಕರಿಗೆ ವಿದಿತವೇ ಇದೆ. ಅದರ 2ನೆಯ ಅಧಿಕರಣದ 25ನೆಯ ಅಧ್ಯಾಯವು ಸುರಾಧ್ಯಕ್ಷನ ವಿಷಯ. ಅಲ್ಲಿ ಮೇದಕಕ್ಕೆ ನೀರು 1 ದ್ರೋಣ, ಅಕ್ಕಿ ಅರ್ಧ ಆಢಕ, ಕಿಣ್ವ 3 ಪ್ರಸ್ಥವೆಂದಿದೆ. ಆಸವಕ್ಕೆ ಬೇಲದ ಹಣ್ಣು 1 ತುಲಾ, ಫಾಣಿತ 5 ತುಲಾ, ಜೇನು 1 ಪ್ರಸ್ಥ. ಫಾಣಿತವೆಂದರೆ ಜೋನಿಬೆಲ್ಲ; ಕಡ್ಡಿರಾಂಪುರ, ಹೊಸಪೇಟೆ, ಕಂಪ್ಲಿಗಳ ಕಾಲುವೆಯ ಬಯಲಿನಲ್ಲಿ ಕಬ್ಬನ್ನೂ ಆಲೆಮನೆಯನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮೇದಕಕ್ಕೂ ಪ್ರಸನ್ನೆಗೂ ಕೂಡಿಸತಕ್ಕ ಪಾಠಾ, ಲೋಧ್ರ, ಪ್ರಿಯಂಗು, ಮರದರಿಸಿನ, ಮೆಣಸು, ಹಿಪ್ಪಲಿ ಮೊದಲಾದವುಗಳ ಸಮೂಹಕ್ಕೆ ಅರ್ಥಶಾಸ್ತ್ರಕಾರನು ಕೊಟ್ಟಿರುವ ಹೆಸರು ‘ಸಂಭಾರ’. ಕನ್ನಡದ ‘ಸಂಬಾರ’ವು ಇದರ ತದ್ಭವವೇ.

ಆದರೆ ಒಂದು ಭೇದವನ್ನು ಮರೆಯಲಾಗದು. ಈ ಯೋಗಗಳಲ್ಲಿ ನೀರು, ಕಿಣ್ವ, ದ್ರವ್ಯಗಳು ಹೇಳಲ್ಪಟ್ಟಿವೆಯೇ ಹೊರತು ಆವಿಯನ್ನು ತಣಿಸಿ ಹಿಡಿಯುವ ಯಂತ್ರವು ಹೇಳಲ್ಪಟ್ಟಿಲ್ಲ. ಒಂದು ಪಾತ್ರೆಯ ಆವಿಯನ್ನು ಓರೆಯಾದ ನಾಳದಿಂದ ಮತ್ತೊಂದಕ್ಕೆ ಒಯ್ಯುವ ತಿರ್ಯಕ್‌ಪಾತನಯಂತ್ರವು ಬಹುಕಾಲದ ಮೇಲಣ ರಸಶಾಸ್ತ್ರಗ್ರಂಥಗಳಲ್ಲಿ ಬರುವುದು. ಆದಕಾರಣ ಹುಳಿಯಿಸಿ ಮಾಡಿದ ಆಸವದ ಹೆಸರನ್ನು ಭಟ್ಟಿಯಿಳಿಸಿದ ಜಿನ್ನಿಗೆ ಕೊಡುವುದು ಯುಕ್ತವಲ್ಲ.

ಇನ್ನು ಹಪುಷೆಯ ವಿಚಾರ. ಚರಕಸಂಹಿತೆಯ ಗುಲ್ಮಚಿಕಿತ್ಸೆಯಲ್ಲಿ ಹಪುಷಾದಿ ಘೃತವು ಉಕ್ತವಾಗಿರುವುದು. ಇಂದಿನ ವೈದ್ಯರು ಸಾಮಾನ್ಯವಾಗಿ ಹಪುಷೆಯೇ ಜೂನಿಪರೆಂದು ಗ್ರಹಿಸುವರು. ಆದರೆ 16ನೆಯ ಶತಮಾನದ ಭಾವಪ್ರಕಾಶದಲ್ಲಿ ಅದಕ್ಕೆ ‘ಅಶ್ವತ್ಥಫಲಾ’, ‘ಮತ್ಸ್ಯಗಂಧಾ’ ಎಂಬ ಪರ್ಯಾಯನಾಮಗಳುಂಟು. ಜೂನಿಪರ್ ಕಾಯಿಯು ಅರಳಿಯ ಹಣ್ಣಿನಂತೆ ಸಣ್ಣದಾಗಿಯೂ ದುಂಡಾಗಿಯೂ ಇರುವುದರಿಂದ ಮೊದಲನೆಯದು ಹೊಂದುವುದು. ಎರಡನೆಯದು ಹೊಂದದು, ಜೂನಿಪರಿನದು ರಾಳದ ಸುಗಂಧ, ಮೀನಿನ ವಾಸನೆಯಲ್ಲ. ಈ ಗಿಡವು ಹಿಮಾಲಯದ್ದು. ಕರ್ಣಾಟಕದಲ್ಲಿ ಸ್ವಭಾವತಃ ಬೆಳೆಯತಕ್ಕದ್ದಲ್ಲ. ಗಿಡವನ್ನು ಕಾಣದೆ ನಿಘಂಟಿನಿಂದಲೇ ದ್ರವ್ಯವನ್ನು ನಿರ್ಣಯಿಸುವಲ್ಲಿ ಈ ಬಗೆಯ ವಿರೋಧವು ಒದಗುವುದು ಸಹಜ. ಮದ್ಯದ ಸೀಸೆಯ ಮೇಲಣ ಹೆಸರು ಶಾಸ್ತ್ರಾರ್ಥಕ್ಕೆ ಪ್ರಮಾಣವಾಗಲಾರದು.

ಆದುದರಿಂದ ಜಿನ್ನಿಗೆ ಕೂಡಿಸುವ ಓಷಧಿಗಳಿಗೆಲ್ಲ ‘ಸಂಭಾರ’ವೆಂಬ ಶಬ್ದವನ್ನು ನಿಶ್ಶಂಕೆಯಿಂದ ಬಳಸಬಹುದು, ಅದರ ಅರ್ಥವೂ ಪ್ರಯೋಗವೂ ಇಲ್ಲಿ ಸರಿಹೊಂದುವುವು. ‘ಆಸವ’ವನ್ನು ಅದರ ಸ್ವಸ್ಥಾನದಲ್ಲಿಯೇ ಇರಿಸತಕ್ಕದ್ದು. ಜೂನಿಪರನ್ನು ಜೂನಿಪರೆಂದೇ ಬರೆದು, ಹಪುಷೆಯೆಂಬುದು ಒಂದು ಪಕ್ಷವೆಂದು ಸೂಚಿಸುವುದು ಕ್ಷೇಮ. ವಿದ್ಯಾರ್ಥಿಗಳಿಗೆ ಪ್ರಾಚೀನಗ್ರಂಥಗಳನ್ನು ಪಾಠಹೇಳುವವರು ಶಬ್ದಸಾಮ್ಯದಿಂದ ವಸ್ತುಸಾಮ್ಯವನ್ನು ಊಹಿಸದಿರುವುದಕ್ಕೆ ಇದೊಂದು ಸುಲಭವಾದ ನಿದರ್ಶನವಾಗಬಲ್ಲುದು.